ಧ್ವನಿಸುರುಳಿಯನ್ನು ಕಾಪಾಡುವ ಬಗೆ

ನಮ್ಮ ನಾಡಿನ ಅನೇಕ ಮನೆಗಳ ಅಟ್ಟದ ಮೇಲೆ ಈಗಲೂ ಒಂದು ಹಳೆಯ ಪೆಟ್ಟಿಗೆ ಇರುವುದುಂಟು. ಮೇಲೊಂದು ಹಿಡಿ, ಮುಂಭಾಗದಲ್ಲಿ ಧ್ವನಿವರ್ಧಕದ ಜಾಲರಿ, ಅಂಚಿನಲ್ಲಿ ರೇಡಿಯೋ ನಿಲಯಗಳನ್ನು ಹುಡುಕುವ ಅಂಕಿಗಳ ಸಾಲು, ನಡುವೆ ಕ್ಯಾಸೆಟ್ಟನ್ನು ಇಡುವ ಪುಟ್ಟ ಬಾಗಿಲು. ರೇಡಿಯೋ ಮತ್ತು ಟೇಪ್ ರೆಕಾರ್ಡರುಗಳೆರಡೂ ಒಂದರಲ್ಲೇ ಸೇರಿದ್ದುದರಿಂದ ಜನ ಇದನ್ನು ಟೂ-ಇನ್-ಒನ್ ಎಂದು ಕರೆದರು. ಪಕ್ಕದಲ್ಲಿಯೇ ಒಂದು ಡಬ್ಬಿಯ ತುಂಬ ಕ್ಯಾಸೆಟ್ಟುಗಳು. ಅವುಗಳಲ್ಲಿ ಬಹುಪಾಲು ಅಂಗಡಿಯಲ್ಲಿ ಕೊಂಡ ಚಿತ್ರಗೀತೆಗಳೋ ಭಕ್ತಿಗೀತೆಗಳೋ ಆಗಿರುತ್ತವೆ; ಹಾಳಾದರೂ ಬೇರೊಂದು ಪ್ರತಿ ಎಲ್ಲಿಯಾದರೂ ದೊರೆತೀತು. ಆದರೆ ಡಬ್ಬಿಯ ತಳದಲ್ಲಿ, ಪೆನ್ಸಿಲಿನಿಂದ ಹೆಸರು ಬರೆದ ಎರಡು ಮೂರು ಸುರುಳಿಗಳು ಸಿಕ್ಕುತ್ತವೆ: ಅಜ್ಜಿ ಹಾಡಿದ ಸೋಬಾನೆ ಪದ, ಊರಿನಲ್ಲಿ ಒಂದು ರಾತ್ರಿ ನಡೆದ ತಾಳಮದ್ದಳೆ, ಮಗುವಿನ ಮೊದಲ ತೊದಲು. ಇವಕ್ಕೆ ಜಗತ್ತಿನಲ್ಲಿ ಎರಡನೆಯ ಪ್ರತಿಯಿಲ್ಲ. ಇಂತಹ ಸುರುಳಿಯನ್ನು ಮೂವತ್ತು ವರ್ಷಗಳ ಬಳಿಕ ಹೊರತೆಗೆದು, ಧೂಳು ಹಿಡಿದ ಯಂತ್ರಕ್ಕೆ ತುರುಕಿ ಗುಂಡಿಯೊತ್ತುವುದು ಅಪಾಯದ ಕೆಲಸ. ಅಪಾಯ ಎಲ್ಲಿದೆ ಎಂಬುದನ್ನು ಅರಿಯಬೇಕಾದರೆ, ಧ್ವನಿಯು ಆ ಕಂದುಬಣ್ಣದ ಪಟ್ಟಿಯಲ್ಲಿ ಹೇಗೆ ಕುಳಿತಿದೆಯೆಂಬುದನ್ನು ಮೊದಲು ತಿಳಿಯಬೇಕು.

ಕಾಂತಶಕ್ತಿಯ ನೆರವಿನಿಂದ ಧ್ವನಿಯನ್ನು ಹಿಡಿದಿಡಬಹುದೆಂದು 1898ರಲ್ಲಿ ತೋರಿಸಿಕೊಟ್ಟವನು ಡೆನ್ಮಾರ್ಕಿನ ವಾಲ್ಡೆಮಾರ್ ಪೌಲ್ಸೆನ್. ಅವನು ಬಳಸಿದುದು ಉಕ್ಕಿನ ತಂತಿ. 1928ರಲ್ಲಿ ಜರ್ಮನಿಯ ಫ್ರಿಟ್ಜ್ ಫ್ಲಾಯ್ಮರ್ ತಂತಿಯ ಬದಲು ಕಬ್ಬಿಣದ ಪುಡಿಯನ್ನು ಲೇಪಿಸಿದ ಕಾಗದದ ಪಟ್ಟಿಯನ್ನು ತಂದನು. ನಮಗೆ ಪರಿಚಿತವಾದ ಪುಟ್ಟ ಕ್ಯಾಸೆಟ್ಟು ಫಿಲಿಪ್ಸ್ ಸಂಸ್ಥೆಯ ಲೂ ಒಟ್ಟೆನ್ಸ್ ಮತ್ತು ಅವರ ಸಂಗಡಿಗರ ಕೃತಿ; 1963ರಲ್ಲಿ ಬರ್ಲಿನ್ನಿನ ರೇಡಿಯೋ ಪ್ರದರ್ಶನದಲ್ಲಿ ಅದು ಮೊದಲು ಕಾಣಿಸಿಕೊಂಡಿತು. ತಾವು ಮಾಡಹೊರಟ ಉಪಕರಣವು ಅಂಗಿಯ ಜೇಬಿಗೆ ಹಿಡಿಸಬೇಕೆಂದು ಒಟ್ಟೆನ್ಸ್ ಒಂದು ಮರದ ತುಂಡನ್ನು ಅಳತೆಗೆ ಕೊಯ್ದಿಟ್ಟುಕೊಂಡಿದ್ದರಂತೆ. ಮುಂದೆ ಕಾರಿನ ಚಕ್ರ ಬದಲಿಸುವಾಗ ಆ ತುಂಡನ್ನು ಜಾಕಿಗೆ ಆಸರೆಯಾಗಿಟ್ಟು ಕಳೆದುಕೊಂಡರಂತೆ! ಕನ್ನಡದಲ್ಲಿ 1978ರಲ್ಲಿ ಹೊರಬಂದ ‘ನಿತ್ಯೋತ್ಸವ’ದಂತಹ ಭಾವಗೀತೆಗಳ ಸುರುಳಿಗಳು ಕವಿತೆಯನ್ನು ಪುಸ್ತಕದಿಂದ ನಡುಮನೆಗೆ ತಂದುದೂ ಈ ಪುಟ್ಟ ಸಾಧನದ ಮೂಲಕವೇ.

ಕ್ಯಾಸೆಟ್ಟಿನ ಒಳಗಿರುವ ಪಟ್ಟಿಯ ಅಗಲ 3.81 ಮಿಲಿಮೀಟರು. ಅದು ತೆಳುವಾದ ಪ್ಲಾಸ್ಟಿಕ್ ಪಟ್ಟಿ. ಅದರ ಒಂದು ಮೈಗೆ ಕಬ್ಬಿಣದ ಆಕ್ಸೈಡಿನ ಸೂಜಿಯಂತಹ ಅತಿಸೂಕ್ಷ್ಮ ಕಣಗಳನ್ನು ಅಂಟಿನೊಡನೆ ಬಳಿದಿರುತ್ತಾರೆ. ಒಂದೊಂದು ಕಣವೂ ಒಂದು ಕಿರಿಯ ಅಯಸ್ಕಾಂತ. ಧ್ವನಿಯನ್ನು ಮುದ್ರಿಸುವಾಗ ಮೈಕ್ರೊಫೋನಿನಿಂದ ಬಂದ ವಿದ್ಯುತ್ತು, ಪ್ರಬಲಗೊಂಡು, ಹೆಡ್ಡು ಎಂದು ಕರೆಯುವ ಪುಟ್ಟ ವಿದ್ಯುದಯಸ್ಕಾಂತದಲ್ಲಿ ಹರಿಯುತ್ತದೆ. ಹೆಡ್ಡಿನ ಮುಂಭಾಗದಲ್ಲಿ ಕಣ್ಣಿಗೆ ಕಾಣದಷ್ಟು ಕಿರಿದಾದ ಸೀಳೊಂದಿದೆ. ಪಟ್ಟಿಯು ಆ ಸೀಳನ್ನು ಸವರಿಕೊಂಡು ಸಾಗಿದಂತೆ, ಧ್ವನಿಯ ಏರಿಳಿತಕ್ಕೆ ಅನುಗುಣವಾಗಿ ಕಣಗಳ ಕಾಂತತ್ವದ ದಿಕ್ಕು ಬದಲಾಗುತ್ತದೆ. ಕಣಗಳು ಇದ್ದಲ್ಲೇ ಇರುತ್ತವೆ. ಅವುಗಳ ಉತ್ತರ ದಕ್ಷಿಣ ಧ್ರುವಗಳು ಮಾತ್ರ ಅದಲುಬದಲಾಗುತ್ತವೆ. ಕೇಳುವಾಗ ನಡೆಯುವುದು ಇದರ ವಿಲೋಮ ಕ್ರಿಯೆ: ಚಲಿಸುವ ಪಟ್ಟಿಯ ಕಾಂತಕ್ಷೇತ್ರವು ಹೆಡ್ಡಿನ ಸುರುಳಿಯಲ್ಲಿ ಅತ್ಯಲ್ಪ ವಿದ್ಯುತ್ತನ್ನು ಪ್ರೇರಿಸುತ್ತದೆ. ಕಾಲೇಜಿನಲ್ಲಿ ಕಲಿಯುವ ಫ್ಯಾರಡೆಯ ನಿಯಮವೇ ಇಲ್ಲಿ ಅಜ್ಜಿಯ ದನಿಯಾಗಿ ಹೊಮ್ಮುತ್ತದೆ.

ಈಗ ಸ್ವಲ್ಪ ಗಣಿತ ಮಾಡೋಣ. ಪಟ್ಟಿಯ ವೇಗ ಸೆಕೆಂಡಿಗೆ 4.76 ಸೆಂಟಿಮೀಟರು. ಸೆಕೆಂಡಿಗೆ 500 ಕಂಪನಗಳಿರುವ ಸ್ವರವೊಂದು ಪಟ್ಟಿಯ ಮೇಲೆ ಮೂಡಿದರೆ ಅದರ ಒಂದು ಅಲೆಯ ಉದ್ದ ಸುಮಾರು 95 ಮೈಕ್ರೊಮೀಟರು, ಅಂದರೆ ಹೆಚ್ಚುಕಡಿಮೆ ಒಂದು ದಪ್ಪ ತಲೆಗೂದಲಿನಷ್ಟು. ಆದರೆ ‘ಸ’ಕಾರ ‘ಶ’ಕಾರಗಳಲ್ಲಿ, ತಾಳದ ಝಣತ್ಕಾರದಲ್ಲಿ ಸೆಕೆಂಡಿಗೆ 10,000 ಕಂಪನಗಳೂ ಇರುತ್ತವೆ. ಅವುಗಳ ಅಲೆಯ ಉದ್ದ 5 ಮೈಕ್ರೊಮೀಟರಿಗಿಂತ ಕಡಿಮೆ. ಪಟ್ಟಿಗೂ ಹೆಡ್ಡಿಗೂ ನಡುವೆ ಕೇವಲ 1 ಮೈಕ್ರೊಮೀಟರಿನಷ್ಟು, ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನಷ್ಟು, ಕೊಳೆ ಕುಳಿತರೂ ಈ ಕಿರಿಯ ಅಲೆಗಳಿಂದ ದೊರೆಯುವ ವಿದ್ಯುತ್ತಿನ ಒತ್ತಡ ಸುಮಾರು ಕಾಲುಭಾಗಕ್ಕೆ ಇಳಿದುಹೋಗುತ್ತದೆ. 500 ಕಂಪನಗಳ ಸ್ವರಕ್ಕಾದರೋ ಅದರಿಂದ ಗುರುತಿಸುವಷ್ಟು ನಷ್ಟವೇ ಇಲ್ಲ. ಹಳೆಯ ಟೇಪು ಕಂಬಳಿ ಹೊದ್ದುಕೊಂಡು ಮಾತಾಡಿದಂತೆ ಕೇಳುವುದಕ್ಕೆ ಇದೇ ಕಾರಣ. ಅನೇಕರು ಸುರುಳಿಯೇ ಕೆಟ್ಟಿತೆಂದು ಎಸೆದುಬಿಡುತ್ತಾರೆ. ಎಷ್ಟೋ ವೇಳೆ ಕೆಟ್ಟಿರುವುದು ಸುರುಳಿಯಲ್ಲ, ಕೊಳೆಯಾಗಿರುವುದು ಹೆಡ್ಡು.

ಹೆಡ್ಡನ್ನು ಶುಚಿಮಾಡುವುದು ಕಷ್ಟವಲ್ಲ. ವಿದ್ಯುತ್ ತಂತಿಯನ್ನು ಕಳಚಿ, ಬಾಗಿಲು ತೆರೆದು, ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿ ಹಿಂಡಿದ ಹತ್ತಿಯ ಕಡ್ಡಿಯಿಂದ ಹೊಳೆಯುವ ಆ ಲೋಹದ ಮೈಯನ್ನು ಮೆಲ್ಲನೆ ಒರೆಸಬೇಕು. ಹತ್ತಿಗೆ ಕಂದುಬಣ್ಣ ಹತ್ತುತ್ತದೆ. ಅದು ಹಿಂದೆ ಓಡಿದ ಸುರುಳಿಗಳಿಂದ ಉದುರಿದ ಆಕ್ಸೈಡು. ಬಣ್ಣ ಹತ್ತುವುದು ನಿಂತ ಮೇಲೆ ಕೆಲವು ನಿಮಿಷ ಆರಲು ಬಿಡಬೇಕು. ಸೀಮೆಎಣ್ಣೆ, ಸುಗಂಧದ್ರವ್ಯ ಮುಂತಾದುವನ್ನು ಹಚ್ಚಕೂಡದು. ಚಾಕು, ಸೂಜಿಗಳು ಹೆಡ್ಡಿನ ಬಳಿಗೂ ಸುಳಿಯಕೂಡದು.

ಹೆಡ್ಡಿನ ಪಕ್ಕದಲ್ಲಿ ಒಂದು ತೆಳ್ಳನೆಯ ಉಕ್ಕಿನ ಕಡ್ಡಿಯೂ ಅದಕ್ಕೆ ಒತ್ತಿಕೊಳ್ಳುವ ರಬ್ಬರಿನ ಉರುಳೆಯೂ ಇವೆ. ಟೇಪನ್ನು ಎಳೆಯುವುದು ಸುರುಳಿಯ ಗಾಲಿಯೆಂದು ನಾವು ಭಾವಿಸುತ್ತೇವೆ. ಹಾಗಿದ್ದಿದ್ದರೆ ಟೇಪು ಸುತ್ತಿಕೊಂಡು ಗಾಲಿ ದಪ್ಪವಾದಂತೆಲ್ಲ ವೇಗವೂ ಏರುತ್ತಿತ್ತು. ವೇಗವನ್ನು ನಿಶ್ಚಯಿಸುವುದು ಆ ಕಡ್ಡಿ; ಗಾಲಿ ಕೇವಲ ಬಂದುದನ್ನು ಸುತ್ತಿಕೊಳ್ಳುತ್ತದೆ. ಕಡ್ಡಿಯು ಟೇಪನ್ನು ತಳ್ಳುತ್ತಲೇ ಇದ್ದು, ಬೆಲ್ಟು ಸಡಿಲವಾಗಿ ಗಾಲಿ ನಿಂತುಬಿಟ್ಟರೆ ಏನಾಗುವುದು? ಹೋಗಲು ದಾರಿಯಿಲ್ಲದ ಟೇಪು ಉರುಳೆಗೇ ಸುತ್ತಿಕೊಳ್ಳುತ್ತದೆ. ಯಂತ್ರ ಟೇಪನ್ನು ‘ತಿಂದಿತು’ ಎಂದು ಮನೆಮಂದಿ ಗೋಳಾಡುವುದು ಆಗಲೇ. ಜಿಡ್ಡು ಹಿಡಿದ ಉರುಳೆಯಿಂದಲೂ ಹೀಗಾಗುವುದುಂಟು. ಉರುಳೆಯನ್ನು ಆಲ್ಕೊಹಾಲಿಗಿಂತ ಸೋಪಿನ ನೀರಿನಲ್ಲಿ ತುಸು ತೇವಮಾಡಿದ ಬಟ್ಟೆಯಿಂದ ಒರೆಸುವುದು ಲೇಸು. ಆಲ್ಕೊಹಾಲು ಕಾಲಕ್ರಮದಲ್ಲಿ ರಬ್ಬರನ್ನು ಒಣಗಿಸುತ್ತದೆ. ಬೆಲ್ಟುಗಳೂ ರಬ್ಬರಿನವೇ. ದಶಕಗಳ ಕಾಲ ಸುಮ್ಮನೆ ಬಿದ್ದ ಯಂತ್ರದಲ್ಲಿ ಅವು ಹಿಗ್ಗಿರುತ್ತವೆ, ಕೆಲವೊಮ್ಮೆ ಕರಗಿ ಡಾಂಬರಿನಂತಾಗಿರುತ್ತವೆ. ಆದುದರಿಂದ ಅಟ್ಟದಿಂದಿಳಿಸಿದ ಯಂತ್ರದಲ್ಲಿ ಮೊದಲು ಓಡಿಸಬೇಕಾದುದು ಯಾರಿಗೂ ಬೇಡವಾದ ಒಂದು ಕ್ಯಾಸೆಟ್ಟನ್ನು. ಅದು ಎರಡೂ ಬದಿ ಸರಾಗವಾಗಿ ಓಡಿದ ಮೇಲೆಯೇ ಅಮೂಲ್ಯವಾದುದಕ್ಕೆ ಕೈಹಾಕಬೇಕು.

ಯಂತ್ರಕ್ಕೆ ವಿದ್ಯುತ್ತನ್ನು ಕೊಡುವ ಮುನ್ನ ಹಿಂಬದಿಯನ್ನು ನೋಡತಕ್ಕದ್ದು. ಹೊರದೇಶಗಳಿಂದ ಬಂದ ಕೆಲವು ಪೆಟ್ಟಿಗೆಗಳಿಗೆ 110 ಮತ್ತು 220 ವೋಲ್ಟುಗಳ ನಡುವೆ ಆರಿಸುವ ಸ್ವಿಚ್ಚಿದೆ. 110ರಲ್ಲಿಟ್ಟು ನಮ್ಮ ಮನೆಯ ವಿದ್ಯುತ್ತಿಗೆ ಸೇರಿಸಿದರೆ ಸುಟ್ಟುಹೋದೀತು. ಸೆಲ್ಲುಗಳ ಗೂಡನ್ನೂ ತೆರೆದು ನೋಡಿರಿ. ಸಾಮಾನ್ಯ ಸೆಲ್ಲಿನ ಸತುವಿನ ಡಬ್ಬಿಯೇ ಅದರ ಋಣಧ್ರುವ. ಬಳಸಿದಂತೆ ಸತು ಸವೆದು ತೂತಾಗಿ ಒಳಗಿನ ಲವಣದ ದ್ರವ ಸೋರುತ್ತದೆ, ತಗಡಿನ ಸ್ಪ್ರಿಂಗುಗಳನ್ನು ತಿನ್ನುತ್ತದೆ. ವಾರಗಟ್ಟಲೆ ಯಂತ್ರವನ್ನು ಬಳಸದಿದ್ದರೆ ಸೆಲ್ಲುಗಳನ್ನು ತೆಗೆದಿಡಬೇಕು. ಹೊಸದರೊಡನೆ ಹಳೆಯದನ್ನು ಬೆರೆಸಲೂಬಾರದು. ಸೋತ ಸೆಲ್ಲಿನಿಂದ ಇನ್ನೊಂದು ವಿಚಿತ್ರವೂ ಸಂಭವಿಸುತ್ತದೆ. ವೇಗ ಶೇಕಡ 6ರಷ್ಟು ತಗ್ಗಿದ್ದಾಗ ಮುದ್ರಿಸಿದ ಹಾಡನ್ನು ಸರಿಯಾದ ವೇಗದಲ್ಲಿ ನುಡಿಸಿದರೆ, ಷಡ್ಜವಿದ್ದ ಎಡೆಯಲ್ಲಿ ಶುದ್ಧ ಋಷಭ ಕೇಳುತ್ತದೆ. ಗಂಭೀರ ಕಂಠದ ಭಾಗವತರೂ ಎಳೆಯರಂತೆ ಹಾಡುತ್ತಾರೆ.

ರೇಡಿಯೋ ಭಾಗದ ಆರೈಕೆ ಇಷ್ಟು ತೊಡಕಿನದಲ್ಲ. ಮಧ್ಯಮ ತರಂಗಗಳನ್ನು ಹಿಡಿಯುವುದು ಪೆಟ್ಟಿಗೆಯೊಳಗಿನ ಫೆರೈಟ್ ಕಂಬಿ. ಅದರ ತುದಿ ನಿಲಯದತ್ತ ತಿರುಗಿದ್ದರೆ ದನಿ ಕ್ಷೀಣಿಸುತ್ತದೆ. ಆಗ ಪೆಟ್ಟಿಗೆಯನ್ನೇ ಅಡ್ಡಲಾಗಿ ತಿರುಗಿಸಿದರೆ ಸಾಕು. ಹೊರಗೆ ಎಳೆಯುವ ಕೋಲು ಎಫ್.ಎಂ. ಮತ್ತು ಹ್ರಸ್ವ ತರಂಗಗಳಿಗಾಗಿ. ಇಂದಿನ ಎಲ್.ಇ.ಡಿ. ದೀಪಗಳೂ ಮೊಬೈಲಿನ ಚಾರ್ಜರುಗಳೂ ಮಧ್ಯಮ ತರಂಗದಲ್ಲಿ ಗೊರಗೊರ ಸದ್ದೆಬ್ಬಿಸುವುದುಂಟು; ಅವುಗಳಿಂದ ದೂರವಿಟ್ಟು ಸೆಲ್ಲಿನ ಮೇಲೆ ನಡೆಸಿದರೆ ಸದ್ದು ತಗ್ಗುತ್ತದೆ.

ಇನ್ನು ಸುರುಳಿ. ಅದನ್ನು ಯಂತ್ರಕ್ಕಿಡುವ ಮೊದಲು ಬೆನ್ನಂಚಿನ ಎರಡು ಮೂಲೆಗಳಲ್ಲಿರುವ ಪ್ಲಾಸ್ಟಿಕ್ ನಾಲಗೆಗಳನ್ನು ಮುರಿದುಬಿಡಿ. ನಾಲಗೆಯಿಲ್ಲದ ಕ್ಯಾಸೆಟ್ಟಿನಲ್ಲಿ ಮುದ್ರಣದ ಗುಂಡಿ ಕೆಳಗಿಳಿಯದು. ಅದು ಇಳಿದರೆ, ಅಳಿಸುವ ಹೆಡ್ಡು ಹಳೆಯ ದನಿಯನ್ನು ಸೆಕೆಂಡಿಗೆ 4.76 ಸೆಂಟಿಮೀಟರಿನಂತೆ ಒರೆಸುತ್ತ ಹೋಗುತ್ತದೆ. ಹಾಗೆ ಹೋದುದನ್ನು ಯಾವ ವಿಜ್ಞಾನವೂ ಮರಳಿಸಲಾರದು. ಬಳಿಕ ಷಟ್ಕೋನದ ಪೆನ್ಸಿಲನ್ನು ಗಾಲಿಗೆ ತೂರಿಸಿ ಸಡಿಲವನ್ನು ಬಿಗಿಗೊಳಿಸಬೇಕು. ಗಾಜಿನಂತಹ ಕಿಂಡಿಯಲ್ಲಿ ನೋಡಿದಾಗ ಸುರುಳಿಯ ಅಂಚಿನಲ್ಲಿ ಬಿಳಿಯ ಪುಡಿ ಕಂಡರೆ ಅದು ಬೂಷ್ಟು. ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಮಳೆಗಾಲದ ತೇವಕ್ಕೆ ಇದು ಸಾಮಾನ್ಯ. ಬೂಷ್ಟು ಹಿಡಿದುದನ್ನು ಓಡಿಸಕೂಡದು. ಅದು ಹೆಡ್ಡಿಗೆ ಹತ್ತಿ ಮುಂದಿನ ಸುರುಳಿಗೂ ದಾಟುತ್ತದೆ. ಅಂತಹುದನ್ನು ಬೇರೆಯಾಗಿಟ್ಟು, ಬಲ್ಲವರಿಂದ ಶುಚಿಮಾಡಿಸುವುದೇ ಸರಿ. ಬಿಸಿಲಿಗೆ ಒಣಗಹಾಕಿದರೆ ಪ್ಲಾಸ್ಟಿಕ್ಕು ಸೊಟ್ಟಗಾಗುತ್ತದೆ. ಒಂದೊಂದು ಬದಿಗೆ 60 ನಿಮಿಷ ಹಿಡಿಸುವ ಸುರುಳಿಗಳಲ್ಲಿ ವಿಶೇಷ ಎಚ್ಚರ ಬೇಕು. ಅವುಗಳ ಪಟ್ಟಿಯ ದಪ್ಪ ಸುಮಾರು 9 ಮೈಕ್ರೊಮೀಟರು ಮಾತ್ರ, ಬೇಗ ಹಿಗ್ಗುತ್ತದೆ.

ಸುಸ್ಥಿತಿಯಲ್ಲಿರುವ ಸುರುಳಿಯನ್ನು ಒಮ್ಮೆ ಕೊನೆಯವರೆಗೆ ಸುತ್ತಿ, ಹಿಂದಕ್ಕೆ ತಂದು, ಮೊದಲ ಸಲ ನುಡಿಸುವಾಗಲೇ ನಕಲು ಮಾಡಿಕೊಳ್ಳುವುದು ಜಾಣತನ. ಎರಡನೆಯ ಅವಕಾಶ ಸಿಕ್ಕದಿರಬಹುದು. ಯಂತ್ರದ ಹೆಡ್‌ಫೋನ್ ರಂಧ್ರದಿಂದ ಕಂಪ್ಯೂಟರಿನ ಧ್ವನಿ ಒಳಸೇರಿಕೆಗೆ ಒಂದು ತಂತಿ ಹಾಕಿ, ದನಿಯನ್ನು ಅರ್ಧಕ್ಕಿಂತ ಕೆಳಗಿರಿಸಿ, ಸೆಕೆಂಡಿಗೆ 44,100 ಮಾದರಿಗಳಂತೆ 16 ಬಿಟ್ಟುಗಳಲ್ಲಿ ಮುದ್ರಿಸಿಕೊಂಡರೆ ಅರ್ಧ ಗಂಟೆಯ ಒಂದು ಬದಿಗೆ, ಸ್ಟೀರಿಯೋದಲ್ಲಿ, ಸುಮಾರು 320 ಮೆಗಾಬೈಟು ಸ್ಥಳ ಬೇಕಾಗುತ್ತದೆ. ಕುಗ್ಗಿಸದೆ ಹಾಗೆಯೇ ಇಟ್ಟು, ಎರಡು ಬೇರೆ ಕಡೆ ಪ್ರತಿ ಉಳಿಸಬೇಕು. ಮೂಲ ಸುರುಳಿಯನ್ನು ಎಸೆಯದೆ ಒಂದು ತುದಿಗೆ ಪೂರ್ತಿ ಸುತ್ತಿ, ಡಬ್ಬಿಯಲ್ಲಿ ನೆಟ್ಟಗೆ ನಿಲ್ಲಿಸಿ, ಧ್ವನಿವರ್ಧಕದ ಅಯಸ್ಕಾಂತದಿಂದ ದೂರವಾಗಿ, ತಂಪಾದ ಒಣ ಜಾಗದಲ್ಲಿಡಬೇಕು. ಅದರ ಮೇಲೆ ಹಾಡಿದವರ ಹೆಸರು, ಊರು, ವರ್ಷಗಳನ್ನು ಬರೆಯುವುದೂ ಆರೈಕೆಯ ಭಾಗವೇ. ದನಿ ಯಾರದೆಂದು ಗುರುತಿಸಬಲ್ಲ ಹಿರಿಯರು ಮನೆಯಲ್ಲಿರುವಾಗಲೇ ಅವರನ್ನು ಕೂರಿಸಿ ಕೇಳಿಸಿ, ಅವರು ಹೇಳಿದುದನ್ನು ಬರೆದುಕೊಳ್ಳಿರಿ.