ಒಂದು ತಂತಿ, ಹತ್ತು ದನಿ: ಕೋರಸ್ ಪೆಡಲ್ ಕೊಳ್ಳುವ ಮುನ್ನ

ಭಜನೆಯಲ್ಲಿ ಹತ್ತು ಜನ ಸೇರಿ ಒಂದೇ ಸಾಲು ಹಾಡುವುದನ್ನು ಕೇಳಿದ್ದೀರಲ್ಲ? ಎಲ್ಲರದ್ದೂ ಒಂದೇ ಶ್ರುತಿ ಎನ್ನುತ್ತೇವೆ. ಆದರೆ ಒಬ್ಬರ ದನಿ ಕೂದಲೆಳೆಯಷ್ಟು ಮೇಲಿರುತ್ತದೆ, ಇನ್ನೊಬ್ಬರದ್ದು ಅಷ್ಟೇ ಕೆಳಗೆ. ಮುಂದಿನ ಸಾಲಿನವರು ಚೂರು ಮೊದಲು ಎತ್ತಿಕೊಂಡರೆ ಹಿಂದಿನವರು ಚೂರು ತಡ. ಈ ಸಣ್ಣಪುಟ್ಟ ವ್ಯತ್ಯಾಸಗಳಿಂದಲೇ ಹಾಡು ತುಂಬಿಕೊಳ್ಳುತ್ತದೆ. ಒಬ್ಬನೇ ಗಾಯಕನ ಮೈಕ್ ವಾಲ್ಯೂಮ್ ಎಷ್ಟು ಏರಿಸಿದರೂ ಆ ತುಂಬು ದನಿ ಬರುವುದಿಲ್ಲ. ತಂಬೂರಿಯ ಸಾರಣಿ, ಅನುಸಾರಣಿ ತಂತಿಗಳೆರಡೂ ಒಂದೇ ಷಡ್ಜಕ್ಕೆ ಶ್ರುತಿಯಾಗಿರುತ್ತವೆ. ಹಾಗಿದ್ದರೂ ಒಂದು ತಂತಿಯ ನಾದಕ್ಕಿಂತ ಎರಡರ ನಾದ ದಪ್ಪ. ಮ್ಯಾಂಡೊಲಿನ್‌ನ ಜೋಡಿ ತಂತಿಗಳ ಗುಟ್ಟೂ ಇದೇ.

ಎಲೆಕ್ಟ್ರಿಕ್ ಗಿಟಾರ್‌ನ ಒಂಟಿ ತಂತಿಗೆ ಈ ಗುಂಪಿನ ದನಿ ಕೊಡುವ ಪುಟ್ಟ ಡಬ್ಬಿಯೇ ಕೋರಸ್ ಪೆಡಲ್. ಕಾಲೇಜು ಬ್ಯಾಂಡ್‌ಗಳಲ್ಲಿ ಗಿಟಾರ್ ಹಿಡಿದವರು ಡಿಸ್ಟಾರ್ಷನ್ ಪೆಡಲ್ ಕೊಂಡ ಮೇಲೆ ಸಾಮಾನ್ಯವಾಗಿ ಕಣ್ಣಿಡುವುದು ಇದರ ಮೇಲೆ. ‘ಯಾವುದು ಬೆಸ್ಟ್ ಮಗಾ?’ ಎಂಬುದು ಪ್ರಾಕ್ಟೀಸ್ ರೂಮಿನ ಖಾಯಂ ಪ್ರಶ್ನೆ. ನಮ್ಮಂಥವರಿಗೆ ಒಂದು ಪೆಡಲ್ ಎಂದರೆ ತಿಂಗಳ ಮೆಸ್ ಬಿಲ್, ಇಲ್ಲವೇ ಕೋಚಿಂಗ್ ಕ್ಲಾಸಿನ ಒಂದು ಕಂತು. ತಪ್ಪಿದರೆ ಮತ್ತೊಂದು ಕೊಳ್ಳೋಣ ಎನ್ನುವಷ್ಟು ಜೇಬು ಯಾರಿಗಿದೆ? ಹಾಗಾಗಿ ‘ಯಾವುದು ಬೆಸ್ಟ್’ ಎಂಬುದನ್ನು ಬಿಟ್ಟು ‘ನನ್ನ ಗಿಟಾರ್, ನನ್ನ ಆಂಪ್, ನಾನು ನುಡಿಸುವ ಹಾಡುಗಳಿಗೆ ಯಾವುದು ಸರಿ’ ಎಂದು ಕೇಳಿಕೊಳ್ಳಬೇಕು.

ಡಬ್ಬಿಯೊಳಗೆ ಏನಾಗುತ್ತದೆ?

ಗಿಟಾರ್‌ನಿಂದ ಬಂದ ಸಿಗ್ನಲ್ ಪೆಡಲ್ ಒಳಗೆ ಎರಡಾಗುತ್ತದೆ. ಒಂದು ಇದ್ದ ಹಾಗೇ ಹೊರಗೆ ಹೋಗುತ್ತದೆ. ಇನ್ನೊಂದು ಕೆಲವು ಮಿಲಿಸೆಕೆಂಡ್‌ಗಳಷ್ಟು ತಡವಾಗಿ ಹೊರಡುತ್ತದೆ. ಆ ತಡ ಒಂದೇ ಸಮನಾಗಿರದೆ ನಿಧಾನಕ್ಕೆ ಹೆಚ್ಚು ಕಡಿಮೆಯಾಗುತ್ತಿರುತ್ತದೆ. ತಡ ಕಡಿಮೆಯಾಗುವಾಗ ಶ್ರುತಿ ಚೂರು ಏರುತ್ತದೆ, ಹೆಚ್ಚಾಗುವಾಗ ಇಳಿಯುತ್ತದೆ. ಆಂಬುಲೆನ್ಸ್ ಹತ್ತಿರ ಬರುವಾಗ ಸೈರನ್ ಏರಿದಂತೆ, ದಾಟಿ ಹೋದಾಗ ಇಳಿದಂತೆ ಕೇಳುತ್ತದಲ್ಲ, ಹಾಗೆ. ಮೂಲ ದನಿ, ತೂಗಾಡುವ ದನಿ ಎರಡೂ ಸೇರಿದರೆ ಕೋರಸ್. ಮೂಲ ದನಿಯನ್ನು ತೆಗೆದುಹಾಕಿ ತೂಗಾಡುವುದನ್ನಷ್ಟೇ ಕೇಳಿದರೆ ಅದು ವೈಬ್ರೇಟೊ.

ಪೆಡಲ್ ಮೇಲಿರುವ ಎರಡು ಮುಖ್ಯ ನಾಬ್‌ಗಳ ಅರ್ಥ ಇಷ್ಟೇ: ‘ರೇಟ್’ ಎಂದರೆ ಆ ತೂಗಾಟ ಎಷ್ಟು ಬೇಗ, ‘ಡೆಪ್ತ್’ ಎಂದರೆ ಎಷ್ಟು ದೊಡ್ಡದು.

ಇದರ ಕಥೆ 1975ರಲ್ಲಿ ಜಪಾನಿನ ರೋಲ್ಯಾಂಡ್ ಕಂಪನಿ ತಂದ ಜೆಸಿ-120 ಜಾಝ್ ಕೋರಸ್ ಆಂಪ್‌ನಿಂದ ಶುರುವಾಗುತ್ತದೆ. ಅದರಲ್ಲಿ 60 ವಾಟ್‌ನ ಎರಡು ಆಂಪ್‌ಗಳು, ಎರಡು ಸ್ಪೀಕರ್‌ಗಳು. ಒಂದರಿಂದ ಮೂಲ ದನಿ, ಇನ್ನೊಂದರಿಂದ ತೂಗಾಡುವ ದನಿ. ಎರಡೂ ಗಾಳಿಯಲ್ಲೇ ಬೆರೆಯುತ್ತಿದ್ದವು. ಆ ಸರ್ಕ್ಯೂಟನ್ನೇ ಡಬ್ಬಿಗಿಳಿಸಿ 1976ರಲ್ಲಿ ಬಾಸ್ ಹೆಸರಿನಲ್ಲಿ ಸಿಇ-1 ಬಂತು. ಕೋರಸ್ ಪೆಡಲ್‌ಗಳ ಅಜ್ಜ ಅದು. ದೊಡ್ಡ ಗಾತ್ರ, ನೇರ ಕರೆಂಟ್ ಪ್ಲಗ್ ಬೇರೆ. 1979ರ ಸಿಇ-2 ಅಂಗೈಯಗಲಕ್ಕೆ ಇಳಿದು 9 ವೋಲ್ಟ್ ಬ್ಯಾಟರಿಯಲ್ಲಿ ಓಡಿತು. ಇಂದಿನ ಬಹುಪಾಲು ಕೋರಸ್ ಪೆಡಲ್‌ಗಳು ಒಂದಲ್ಲ ಒಂದು ರೀತಿಯಲ್ಲಿ ಈ ಮನೆತನದವೇ.

ಮೊದಲು ಮನೆಯಲ್ಲೇ ಹುಡುಕಿ

ಅಂಗಡಿಗೆ ಹೊರಡುವ ಮೊದಲು ನಿಮ್ಮ ಬಳಿ ಈಗಾಗಲೇ ಕೋರಸ್ ಇದೆಯೇ ನೋಡಿ. ಬಾಸ್ ಕಟಾನಾದಂಥ ಈಗಿನ ಅನೇಕ ಪ್ರಾಕ್ಟೀಸ್ ಆಂಪ್‌ಗಳಲ್ಲಿ ಅದು ಒಳಗೇ ಇರುತ್ತದೆ. ಝೂಮ್ ಜಿ1 ಫೋರ್‌ನಂಥ ಮಲ್ಟಿ ಎಫೆಕ್ಟ್ ಪೆಡಲ್ ಗೆಳೆಯರ ಬಳಿ ಇದ್ದರೆ ಒಂದು ವಾರ ಕಡ ತನ್ನಿ. ನೀವು ನುಡಿಸುವ ಹಾಡುಗಳಲ್ಲಿ ಎಷ್ಟು ಕಡೆ ಕೋರಸ್ ಬೇಕೆನಿಸುತ್ತದೆ ಎಂದು ಎಣಿಸಿ. ಇಪ್ಪತ್ತು ಹಾಡಿನಲ್ಲಿ ಒಂದಕ್ಕೆ ಮಾತ್ರ ಬೇಕಾದರೆ ಪ್ರತ್ಯೇಕ ಪೆಡಲ್‌ನ ಅವಸರವಿಲ್ಲ. ಕ್ಲೀನ್ ಟೋನ್‌ನಲ್ಲಿ ತಂತಿ ಬಿಡಿಸಿ ನುಡಿಸುವುದೇ ನಿಮ್ಮ ಶೈಲಿಯಾಗಿದ್ದರೆ ಪೆಡಲ್ ದಿನಾ ಕೆಲಸಕ್ಕೆ ಬರುತ್ತದೆ.

ಇನ್ನೊಂದು ಮಾತು: ಟ್ಯೂನರ್ ಇಲ್ಲದಿದ್ದರೆ ಮೊದಲು ಅದನ್ನು ಕೊಳ್ಳಿ. ಶ್ರುತಿ ತಪ್ಪಿದ ಗಿಟಾರನ್ನು ಕೋರಸ್ ಮುಚ್ಚಿಡುತ್ತದೆ ಎಂಬ ನಂಬಿಕೆ ನಮ್ಮ ಬಳಗದಲ್ಲಿ ಬಲವಾಗಿದೆ. ಆಗುವುದು ಉಲ್ಟಾ. ತಪ್ಪಿದ ಶ್ರುತಿಯ ಮೇಲೆ ತೂಗಾಡುವ ಶ್ರುತಿಯೂ ಸೇರಿ ಕಿವಿಗೆ ಕಡಲ ಮೇಲಿನ ದೋಣಿ ಪ್ರಯಾಣ.

ಎಷ್ಟು ನಾಬ್ ಬೇಕು?

ಎಲೆಕ್ಟ್ರೋ-ಹಾರ್ಮೋನಿಕ್ಸ್‌ನ ಸ್ಮಾಲ್ ಕ್ಲೋನ್ ಪೆಡಲ್‌ನಲ್ಲಿ ಇರುವುದು ಒಂದು ರೇಟ್ ನಾಬ್, ಡೆಪ್ತ್‌ಗೆ ಎರಡೇ ಹಂತದ ಒಂದು ಸ್ವಿಚ್. ನಿರ್ವಾಣ ಬ್ಯಾಂಡಿನ ಕರ್ಟ್ ಕೊಬೇನ್ 1991ರ ‘ಕಮ್ ಆ್ಯಸ್ ಯು ಆರ್’ ಹಾಡಿನ ನೀರೊಳಗಿಂದ ಬಂದಂಥ ಗಿಟಾರ್ ದನಿಯನ್ನು ತೆಗೆದದ್ದು ಇಷ್ಟರಲ್ಲೇ. ಬಾಸ್ ಸಿಎಚ್-1ರಲ್ಲಿ ನಾಲ್ಕು ನಾಬ್: ರೇಟ್, ಡೆಪ್ತ್ ಜೊತೆಗೆ ಎಫೆಕ್ಟ್ ಎಷ್ಟು ಬೆರೆಯಬೇಕು ಎನ್ನುವ ಲೆವೆಲ್ ಮತ್ತು ಇಕ್ಯೂ. ಎಂಎಕ್ಸ್‌ಆರ್ ಅನಲಾಗ್ ಕೋರಸ್‌ನಲ್ಲಿ ಐದು. ಎಫೆಕ್ಟ್‌ನ ಲೋ, ಹೈ ಎರಡನ್ನೂ ಬೇರೆ ಬೇರೆ ತಿರುಗಿಸಬಹುದು.

ಬ್ಯಾಂಡ್‌ನಲ್ಲಿ ನುಡಿಸುವವರಿಗೆ ನನ್ನ ಮತ ಲೆವೆಲ್ ನಾಬ್‌ಗೆ. ಏಕೆಂದರೆ ಮನೆಯಲ್ಲಿ ಒಬ್ಬರೇ ನುಡಿಸುವಾಗ ಸುಖವಾಗಿ ಕೇಳುವ ಕೋರಸ್, ಡ್ರಮ್ಸ್ ಮತ್ತು ಬೇಸ್ ಜೊತೆ ಸೇರಿದಾಗ ಕಲಸಿದಂತಾಗುತ್ತದೆ. ನಮ್ಮ ಬ್ಯಾಂಡಿನ ಪ್ರಾಕ್ಟೀಸ್ ನಡೆಯುವುದು ಮಹಡಿಯ ಮೇಲಿನ ಶೀಟ್ ಛಾವಣಿಯ ಕೋಣೆಯಲ್ಲಿ. ಅಲ್ಲಿ ದನಿ ಮೊದಲೇ ಗೋಡೆಯಿಂದ ಗೋಡೆಗೆ ಕುಣಿಯುತ್ತಿರುತ್ತದೆ. ಅದರ ಮೇಲೆ ಪೂರ್ತಿ ಡೆಪ್ತ್ ಇಟ್ಟರೆ ಕಾರ್ಡ್ ಯಾವುದು ಎಂದೇ ತಿಳಿಯುವುದಿಲ್ಲ. ಎಫೆಕ್ಟನ್ನು ತಗ್ಗಿಸಿ ಬೆರೆಸುವ ಅವಕಾಶ ಇದ್ದರೆ ಕೋಣೆಗೊಂದು, ಆಡಿಟೋರಿಯಂಗೊಂದು ಸೆಟ್ಟಿಂಗ್ ಮಾಡಿಕೊಳ್ಳಬಹುದು. ಒಬ್ಬರೇ ರೂಮಿನಲ್ಲಿ ನುಡಿಸುವವರಿಗೆ, ರೆಕಾರ್ಡಿಂಗ್ ಮಾಡುವವರಿಗೆ ಒಂದು ನಾಬ್‌ನ ಪೆಡಲ್ ಧಾರಾಳ ಸಾಕು.

ಸ್ಟಿರಿಯೊ ಔಟ್‌ಪುಟ್ ಬಗ್ಗೆಯೂ ಒಂದು ಲೆಕ್ಕ ಹಾಕಿ. ಎರಡು ಔಟ್‌ಪುಟ್‌ಗೆ ಎರಡು ಆಂಪ್ ಬೇಕು, ಇಲ್ಲವೇ ಮಿಕ್ಸರ್‌ನಲ್ಲಿ ಎರಡು ಚಾನೆಲ್ ಬೇಕು. ಕಾಲೇಜು ಫೆಸ್ಟ್‌ನಲ್ಲಿ ನಮಗೆ ಸಿಗುವುದು ಒಂದು ಆಂಪ್, ಅದರ ಮುಂದೆ ಒಂದು ಮೈಕ್. ಸದ್ಯಕ್ಕೆ ಮೋನೋದಲ್ಲಿ ಚೆನ್ನಾಗಿ ಕೇಳುವ ಪೆಡಲ್ ಆರಿಸುವುದೇ ಜಾಣತನ.

ಅನಲಾಗೋ, ಡಿಜಿಟಲ್ಲೋ?

ಅನಲಾಗ್ ಕೋರಸ್‌ನ ಜೀವಾಳ ‘ಬಕೆಟ್ ಬ್ರಿಗೇಡ್’ ಎಂಬ ಚಿಪ್. ಫಿಲಿಪ್ಸ್ ಕಂಪನಿಯ ಸಂಶೋಧಕರು 1969ರಲ್ಲಿ ರೂಪಿಸಿದ್ದು. ಬೆಂಕಿ ಬಿದ್ದಾಗ ಜನ ಸಾಲಾಗಿ ನಿಂತು ನೀರಿನ ಕೊಡವನ್ನು ಕೈಯಿಂದ ಕೈಗೆ ದಾಟಿಸುತ್ತಾರಲ್ಲ, ಈ ಚಿಪ್ ಒಳಗೆ ವಿದ್ಯುತ್ ಚಾರ್ಜ್ ಹಾಗೆ ದಾಟುತ್ತದೆ. ಹಳೆಯ ಪೆಡಲ್‌ಗಳಲ್ಲಿ ಹೆಸರು ಮಾಡಿದ ಎಂಎನ್3007 ಚಿಪ್‌ನಲ್ಲಿ ಇಂಥ 1024 ಹಂತಗಳಿವೆ. ಅಷ್ಟು ಕೈ ದಾಟುವಾಗ ದನಿಯ ಚೂಪು ಸ್ವಲ್ಪ ಕಳೆದು ಮೃದುವಾಗುತ್ತದೆ. ಎಲ್ಲರೂ ‘ವಾರ್ಮ್’ ಎನ್ನುವುದು ಇದನ್ನೇ. ಡಿಜಿಟಲ್ ಪೆಡಲ್‌ನಲ್ಲಿ ಆ ತಡವನ್ನು ಲೆಕ್ಕಾಚಾರ ಉಂಟುಮಾಡುತ್ತದೆ, ದನಿ ಸಾಮಾನ್ಯವಾಗಿ ಸ್ಪಷ್ಟ, ಹೊಳಪು ಹೆಚ್ಚು.

ನಿಮ್ಮ ಗಿಟಾರ್, ಆಂಪ್ ಎರಡೂ ಚೂಪಾಗಿ ಕೇಳುವಂಥವಾದರೆ ಅನಲಾಗ್ ಹದ ತರಬಹುದು. ಮೊದಲೇ ಮಂಕಾಗಿದ್ದರೆ ಡಿಜಿಟಲ್ ಒಳ್ಳೆಯದು. ಹೆಸರು ನೋಡಿ ಮೋಸ ಹೋಗಬೇಡಿ. ಸಿಎಚ್-1 ಮೊದಲು ಅನಲಾಗ್ ಆಗಿದ್ದು ಮುಂದೆ ಡಿಜಿಟಲ್ ಆಯಿತು, ಮೇಲಿನ ನೀಲಿ ಬಣ್ಣ ಮಾತ್ರ ಅದೇ.

ಅಂಗಡಿಯಲ್ಲಿ ಹತ್ತು ನಿಮಿಷ

ನಿಮ್ಮದೇ ಗಿಟಾರ್ ಒಯ್ಯಿರಿ. ಅಂಗಡಿಯ ದುಬಾರಿ ಗಿಟಾರ್‌ನಲ್ಲಿ ಯಾವ ಪೆಡಲ್ ಆದರೂ ಚೆನ್ನಾಗಿಯೇ ಕೇಳುತ್ತದೆ. ಆಂಪ್‌ನ ರಿವರ್ಬ್ ಆಫ್ ಮಾಡಿ, ಕ್ಲೀನ್ ಚಾನೆಲ್ ಇಡಿ. ರೇಟ್ ಕಡಿಮೆ, ಡೆಪ್ತ್ ಅರ್ಧ. ಮೊದಲು ಓಪನ್ ಕಾರ್ಡ್ ಒಂದನ್ನು ಬಾರಿಸಿ ಕೊನೆಯವರೆಗೂ ಬಿಡಿ, ತೂಗಾಟ ನಯವಾಗಿದೆಯೇ ಕೇಳಿ. ನಂತರ ದಪ್ಪ ತಂತಿಗಳನ್ನಷ್ಟೇ ನುಡಿಸಿ. ಕೆಳಸ್ವರಗಳು ತಲೆಸುತ್ತು ಬರುವಂತೆ ಓಲಾಡಿದರೆ ಕಷ್ಟ. ಪೆಡಲನ್ನು ಆನ್-ಆಫ್ ಮಾಡುತ್ತಾ ವಾಲ್ಯೂಮ್ ಕುಸಿಯುತ್ತದೆಯೇ ಗಮನಿಸಿ. ನುಡಿಸದೆ ಸುಮ್ಮನಿದ್ದಾಗ ‘ಸ್ಸ್’ ಸದ್ದು ಎಷ್ಟಿದೆ ಎಂಬುದನ್ನೂ ಕೇಳಿ. ಕೊನೆಗೆ ಡಿಸ್ಟಾರ್ಷನ್ ಪೆಡಲ್ ಜೋಡಿಸಿ. ಡಿಸ್ಟಾರ್ಷನ್ ಮೊದಲು, ಕೋರಸ್ ನಂತರ, ಡಿಲೇ ಇದ್ದರೆ ಆಮೇಲೆ. ಸಾಮಾನ್ಯವಾಗಿ ನಡೆಯುವ ಕ್ರಮ ಇದು.

ಬೆಹ್ರಿಂಗರ್ ಯುಸಿ200ನಂಥ ಪ್ಲಾಸ್ಟಿಕ್ ಮೈಯ ಅಗ್ಗದ ಪೆಡಲ್‌ಗಳನ್ನೂ ಇದೇ ಪರೀಕ್ಷೆಗೆ ಒಡ್ಡಿ. ಮನೆಯ ಬಳಕೆಗೆ ಅದು ಪಾಸಾದರೆ ನಾಚಿಕೆಪಡಬೇಕಿಲ್ಲ. ವೇದಿಕೆಯ ಮೇಲೆ ಶೂ ಕಾಲಲ್ಲಿ ತುಳಿಯುವವರು ಮಾತ್ರ ಲೋಹದ ಮೈಗೆ ಒಂದಿಷ್ಟು ಹೆಚ್ಚು ಕೊಡುವುದು ಲೇಸು.

ಸೆಕೆಂಡ್ ಹ್ಯಾಂಡ್ ಮತ್ತು ಅಡಾಪ್ಟರ್

ಬಳಸಿದ ಪೆಡಲ್ ಕೊಳ್ಳುವುದು ನಮ್ಮ ಬಜೆಟ್‌ಗೆ ಒಳ್ಳೆಯ ದಾರಿ. ಪ್ರತಿ ನಾಬ್ ತಿರುಗಿಸಿ ಕರಕರ ಸದ್ದು ಬರುತ್ತದೆಯೇ ನೋಡಿ. ಜ್ಯಾಕ್‌ಗಳನ್ನು ಮೆಲ್ಲಗೆ ಅಲುಗಾಡಿಸಿ. ಬ್ಯಾಟರಿ ಜಾಗ ತೆರೆದು ತುಕ್ಕು ಹಿಡಿದಿದೆಯೇ ಪರಿಶೀಲಿಸಿ. ಹಳೆಯ ಬಾಸ್ ಪೆಡಲ್ ಮೇಲೆ ‘ಎಸಿಎ’ ಅಡಾಪ್ಟರ್ ಎಂದು ಬರೆದಿದ್ದರೆ ಅದು ಈಗಿನ 9 ವೋಲ್ಟ್ ಅಡಾಪ್ಟರ್‌ಗೆ ಮಾಡಿದ್ದಲ್ಲ, ಕೇಳಿ ತಿಳಿದುಕೊಂಡೇ ಮುಂದುವರಿಯಿರಿ. ಈಗಿನ ಬಹುತೇಕ ಪೆಡಲ್‌ಗಳಿಗೆ ಬೇಕಿರುವುದು 9 ವೋಲ್ಟ್, ಸೆಂಟರ್ ನೆಗೆಟಿವ್ ಅಡಾಪ್ಟರ್. ವೈಫೈ ರೂಟರ್‌ನ ಪಿನ್ ಹಿಡಿಯುತ್ತದಲ್ಲ ಎಂದು ಚುಚ್ಚಿದರೆ ಪೆಡಲ್ ಅಲ್ಲಿಗೇ ಮುಗಿಯಬಹುದು. ಬ್ಯಾಟರಿ ಹಾಕುವವರು ಪ್ರಾಕ್ಟೀಸ್ ಮುಗಿದ ಕೂಡಲೇ ಇನ್‌ಪುಟ್ ಕೇಬಲ್ ತೆಗೆಯಬೇಕು. ಕೇಬಲ್ ಸಿಕ್ಕಿಸಿರುವವರೆಗೂ ಬ್ಯಾಟರಿ ಕರಗುತ್ತಲೇ ಇರುತ್ತದೆ.

ಮನೆಗೆ ತಂದ ಮೇಲೆ ಎಲ್ಲ ನಾಬ್‌ಗಳನ್ನು ಪೂರ್ತಿ ತಿರುಗಿಸುವ ಹುಚ್ಚು ಎರಡು ದಿನ ಇರುತ್ತದೆ, ಇರಲಿ. ಮೂರನೇ ದಿನದಿಂದ ಕಡಿಮೆ ಮಾಡುತ್ತಾ ಬನ್ನಿ. ಬ್ಯಾಂಡ್ ಜೊತೆ ನುಡಿಸುತ್ತಿರುವಾಗ ಯಾರಿಗೂ ಹೇಳದೆ ಪೆಡಲ್ ಆಫ್ ಮಾಡಿ ನೋಡಿ. ‘ಏನೋ ಕಡಿಮೆಯಾಯಿತಲ್ಲ’ ಎಂದು ಡ್ರಮ್ಮರ್ ತಲೆಯೆತ್ತಿದರೆ ನಿಮ್ಮ ಆಯ್ಕೆ, ನಿಮ್ಮ ಸೆಟ್ಟಿಂಗ್ ಎರಡೂ ಸರಿಯಾಗಿವೆ. ಉಳಿದ ದುಡ್ಡಿಗೆ ಒಂದು ಸೆಟ್ ಹೊಸ ತಂತಿ ತನ್ನಿ. ತುಕ್ಕು ಹಿಡಿದ ತಂತಿಗೆ ಹತ್ತು ದನಿ ಕೊಡುವ ಡಬ್ಬಿ ಇನ್ನೂ ಬಂದಿಲ್ಲ.