ಕಲ್ಕತ್ತೆಯ ವೈದ್ಯಕೀಯ ಕಾಲೇಜು ಮತ್ತು ಬೋಧನಭಾಷೆಯ ಪ್ರಶ್ನೆ

ಕಲ್ಕತ್ತೆಯ ವೈದ್ಯಕೀಯ ಕಾಲೇಜಿನ ಚರಿತ್ರೆಯನ್ನು ಅದು ಸ್ಥಾಪಿತವಾದ ೧೮೩೫ರಿಂದ ಆರಂಭಿಸುವುದು ವಾಡಿಕೆ. ಆ ವರ್ಷದ ಜನವರಿ ೨೮ರ ಆಜ್ಞೆಯಿಂದಲೇ ಮತ್ತೊಂದು ವಿದ್ಯಾಲಯವು ಮುಚ್ಚಿಹೋಯಿತೆಂಬುದು ಅಷ್ಟಾಗಿ ಗಮನಕ್ಕೆ ಬಂದಿಲ್ಲ. ದೇಶಭಾಷೆಗಳಲ್ಲಿ ಶಾಸ್ತ್ರಬೋಧನೆ ಸಾಧ್ಯವೇ ಎಂಬ ಚರ್ಚೆ ಕನ್ನಡದಲ್ಲಿಯೂ ಇನ್ನೂ ಮುಗಿದಿಲ್ಲವಾದುದರಿಂದ ಈ ಪ್ರಸಂಗವನ್ನು ಇಲ್ಲಿ ಪರಿಶೀಲಿಸಬಯಸುತ್ತೇವೆ.

ಹಾಗೆ ಮುಚ್ಚಿಹೋದದ್ದು, ಈಸ್ಟ್ ಇಂಡಿಯಾ ಕಂಪನಿಯು ೧೮೨೨ರಲ್ಲಿ ತೆರೆದಿದ್ದ ನೇಟಿವ್ ಮೆಡಿಕಲ್ ಇನ್‌ಸ್ಟಿಟ್ಯೂಷನ್. ಅಲ್ಲಿ ಪಾಠಗಳು ದೇಶಭಾಷೆಯಲ್ಲಿ ನಡೆಯುತ್ತಿದ್ದುವು. ಅದರ ಮೇಲ್ವಿಚಾರಕರಾಗಿದ್ದ ಪೀಟರ್ ಬ್ರೆಟನ್ನರು ೧೮೨೫ರಲ್ಲಿ ಶರೀರದ ಅಂಗಾಂಗಗಳ ಹೆಸರುಗಳನ್ನೂ ವೈದ್ಯಶಾಸ್ತ್ರದ ಪರಿಭಾಷೆಯನ್ನೂ ಇಂಗ್ಲಿಷ್, ಅರಬ್ಬಿ, ಪಾರಸಿ, ಹಿಂದಿ ಹಾಗೂ ಸಂಸ್ಕೃತಗಳಲ್ಲಿ ಒಟ್ಟುಗೂಡಿಸಿದ ಶಬ್ದಕೋಶವೊಂದನ್ನು ಪ್ರಕಟಿಸಿದರು. ಪಾರಿಭಾಷಿಕ ಪದಗಳನ್ನು ರೂಪಿಸುವ ಕೆಲಸ ಎಷ್ಟು ಶ್ರಮದ್ದೆಂಬುದನ್ನು ಬಲ್ಲವರಿಗೆ ಈ ಕೋಶದ ಬೆಲೆಯನ್ನು ವಿವರಿಸಬೇಕಾಗಿಲ್ಲ.

ಆದರೆ ಆ ಶಾಲೆಯಲ್ಲಿ ನಿಜವಾದ ನ್ಯೂನತೆಯೂ ಇದ್ದಿತು: ಮನುಷ್ಯದೇಹದ ಅಂಗಚ್ಛೇದನವಿರಲಿಲ್ಲ, ಪ್ರಾಣಿಗಳ ದೇಹಗಳಿಂದಲೇ ಶರೀರರಚನೆಯನ್ನು ಕಲಿಯಬೇಕಾಗಿದ್ದಿತು. ಬೆಂಟಿಂಕನು ೧೮೩೩ರಲ್ಲಿ ನೇಮಿಸಿದ ಸಮಿತಿಯ ಮುಂದೆ ಜಾನ್ ಟೈಟ್ಲರರು ಹಳೆಯ ಪದ್ಧತಿಯನ್ನು ಸಮರ್ಥಿಸಿದರು. ಪಾದ್ರಿ ಅಲೆಕ್ಸಾಂಡರ್ ಡಫ್ ಇಂಗ್ಲಿಷೇ ಮಾಧ್ಯಮವಾಗಬೇಕೆಂದರು. ಗೆದ್ದದ್ದು ಡಫ್‌ರ ಪಕ್ಷ. ಛೇದನವಿಲ್ಲದಿರುವುದು ಬೇರೆ ಮಾತು, ಭಾಷೆಯ ಮಾತು ಬೇರೆ; ಇವೆರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಿದ್ದು ಸರಿಯಾಗಲಿಲ್ಲವೆಂದು ನಮ್ಮ ಅಭಿಪ್ರಾಯ. ಪಠ್ಯಗ್ರಂಥಗಳು ವಿರಳವಾಗಿದ್ದುವೆಂಬ ಆಕ್ಷೇಪಣೆಯನ್ನು ಮಾತ್ರ ಅಲ್ಲಗಳೆಯಲಾಗದು.

೧೮೩೬ರಲ್ಲಿ ಹೊಸ ಕಾಲೇಜಿನಲ್ಲಿ ಶವಚ್ಛೇದನಕ್ಕೆ ಮುಂದಾಗಿ ಹೆಸರಾದವರು ಮಧುಸೂದನ ಗುಪ್ತರು. ಇವರು ಇಂಗ್ಲಿಷ್ ವಿದ್ಯಾಭ್ಯಾಸದಿಂದ ರೂಪುಗೊಂಡ ತರುಣರಲ್ಲ; ಸಂಸ್ಕೃತ ಕಾಲೇಜಿನಲ್ಲಿ ಆಯುರ್ವೇದವನ್ನು ಬೋಧಿಸುತ್ತಿದ್ದ ಪಂಡಿತರು, ಹೂಪರರ ಶರೀರಶಾಸ್ತ್ರ ಗ್ರಂಥವನ್ನು ಸಂಸ್ಕೃತಕ್ಕೆ ತಂದವರು. ಶವಸ್ಪರ್ಶದಿಂದ ಜಾತಿ ಕೆಡುವುದೆಂಬ ಭಯವು ಪ್ರಬಲವಾಗಿದ್ದ ಕಾಲದಲ್ಲಿ ಶಸ್ತ್ರವನ್ನು ಹಿಡಿದ ಕೈ ವೈದ್ಯ ಮನೆತನದ ಪಂಡಿತರದಾಗಿದ್ದುದು ವಿಚಾರಾರ್ಹ.

ದೇಶಭಾಷೆಯೂ ಬಹುಕಾಲ ಹೊರಗುಳಿಯಲಿಲ್ಲ. ಸೈನ್ಯಕ್ಕೆ ವೈದ್ಯಸಹಾಯಕರು ಬೇಕಾದಾಗ ೧೮೩೯ರಲ್ಲಿ ಅದೇ ಕಾಲೇಜಿನಲ್ಲಿ ಹಿಂದೂಸ್ತಾನಿ ತರಗತಿಯನ್ನು ತೆರೆಯಬೇಕಾಯಿತು. ೧೮೫೨ರಲ್ಲಿ ಬಂಗಾಳಿ ತರಗತಿ ಬಂದಿತು. ಅದರ ಮೇಲ್ವಿಚಾರಣೆ ಮಧುಸೂದನ ಗುಪ್ತರಿಗೇ ಒಪ್ಪಿಸಲ್ಪಟ್ಟಿತು. ಅವರು ೧೮೫೬ರಲ್ಲಿ ತೀರಿಕೊಂಡರು. ೧೮೭೩ರಲ್ಲಿ ಬಂಗಾಳಿ ತರಗತಿಯನ್ನು ಕಾಲೇಜಿನಿಂದ ಬೇರ್ಪಡಿಸಿ ಸಿಯಾಲ್ದಾದ ಕ್ಯಾಂಪ್‌ಬೆಲ್ ವೈದ್ಯಶಾಲೆಗೆ ವರ್ಗಾಯಿಸಿದರು.