ಬಾಣಕ್ಕೆ ಬಗ್ಗದ ಉಕ್ಕು

ಬಿಟ್ಟ ಬಾಣ ಕವಚವನ್ನು ತೂರಿಹೋಗುತ್ತದೆಯೇ ಎಂಬುದು ಬಿಲ್ಲಿನ ಬಿಗುವೊಂದರಿಂದಲೇ ತೀರ್ಮಾನವಾಗುವುದಿಲ್ಲ. ಬಾಣದ ತೂಕ ಮತ್ತು ವೇಗ, ಮೊನೆಯ ಆಕಾರ, ಅದು ತಗಲುವ ಕೋನ, ಎದುರಿರುವ ಲೋಹದ ದಪ್ಪ ಹಾಗೂ ಗುಣ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಬಿಲ್ಲುಗಾರರೂ ಕವಚ ಮಾಡುವ ಕಮ್ಮಾರರೂ ಒಬ್ಬರನ್ನೊಬ್ಬರು ಮೀರಿಸಲು ಅತಿ ಹೆಚ್ಚು ಹೆಣಗಿದ್ದು ಮಧ್ಯಯುಗದ ಯುರೋಪಿನಲ್ಲಿ.

ಪ್ರಶ್ನೆ ಮಾತ್ರ ಅದಕ್ಕಿಂತ ಬಹಳ ಹಳೆಯದು. ಭಾರತದ ಕಾಲಾಳುಗಳು ಆಳೆತ್ತರದ ಬಿಲ್ಲನ್ನು ನೆಲಕ್ಕೂರಿ, ಎಡಗಾಲಿನಿಂದ ಒತ್ತಿಹಿಡಿದು ಬಾಣ ಬಿಡುತ್ತಿದ್ದರು, ಅದನ್ನು ಗುರಾಣಿಯಾಗಲಿ ಎದೆಗವಚವಾಗಲಿ ತಡೆಯಲಾರದು ಎಂದು ಗ್ರೀಕ್ ಲೇಖಕ ಆರಿಯನ್ ಬರೆದಿದ್ದಾನೆ. ಮಲ್ಲೋಯ್ ಎಂಬ ಜನರ ಕೋಟೆಯೊಳಕ್ಕೆ ಧುಮುಕಿದ ಅಲೆಕ್ಸಾಂಡರನ ಎದೆಗೆ ಬಾಣ ನಾಟಿದ್ದೂ ಕವಚವನ್ನು ತೂರಿಯೇ. ಆದರೆ ಆ ಕಾಲದ ಕವಚವನ್ನು ಹದಿನೈದನೆಯ ಶತಮಾನದ ಉಕ್ಕಿನ ಕವಚಕ್ಕೆ ಹೋಲಿಸುವಂತಿಲ್ಲ.

ಹನ್ನೆರಡನೆಯ ಶತಮಾನದ ಯುರೋಪಿನ ಯೋಧ ತೊಡುತ್ತಿದ್ದದ್ದು ಸಾವಿರಾರು ಕಬ್ಬಿಣದ ಬಳೆಗಳನ್ನು ಒಂದರೊಳಗೊಂದು ಹೆಣೆದ ಅಂಗಿ. ಅದರ ಅಡಿಯಲ್ಲಿ ದಪ್ಪ ಬಟ್ಟೆಯ ಮೆತ್ತೆ. ಕತ್ತಿಯ ಹೊಡೆತಕ್ಕೆ ಇದು ಒಳ್ಳೆಯ ರಕ್ಷಣೆ. ಬಾಣದ ಮಟ್ಟಿಗೆ ಅಂದಿನ ಸಾಕ್ಷಿಗಳು ಎರಡು ಬಗೆಯಾಗಿ ಮಾತನಾಡುತ್ತಾರೆ. ವೇಲ್ಸಿನ ಬಿಲ್ಲುಗಾರರ ಬಾಣವೊಂದು ಕುದುರೆ ಸವಾರನ ಕಬ್ಬಿಣದುಡುಗೆ, ತೊಡೆ, ಜೀನು ಎಲ್ಲವನ್ನೂ ತೂರಿ ಕುದುರೆಯನ್ನೇ ಕೊಂದಿತೆಂದು ಜೆರಾಲ್ಡ್ ಎಂಬ ಪಾದ್ರಿ ದಾಖಲಿಸಿದ್ದಾನೆ. ಅತ್ತ 1191ರಲ್ಲಿ, ಆರ್ಸುಫ್ ಕದನ ನಡೆದ ಧರ್ಮಯುದ್ಧದ ದಂಡಯಾತ್ರೆಯಲ್ಲಿ, ಬೆನ್ನಿಗೆ ಹತ್ತು ಬಾಣ ಚುಚ್ಚಿಕೊಂಡಿದ್ದರೂ ಸಾಲು ಬಿಡದೆ ನಡೆಯುತ್ತಿದ್ದ ಕ್ರೈಸ್ತ ಕಾಲಾಳುಗಳನ್ನು ಸುಲ್ತಾನ ಸಲಾದಿನ್‌ನ ಆಪ್ತ ಬಹಾವುದ್ದೀನ್ ಕಣ್ಣಾರೆ ಕಂಡ. ಇಬ್ಬರ ಮಾತನ್ನೂ ನಂಬಬಹುದು. ಮೊದಲನೆಯದು ಹತ್ತಿರದಿಂದ ಬಂದ ಭಾರವಾದ ಬಾಣ, ಎರಡನೆಯದು ದೂರದಿಂದ ಬಿಟ್ಟ ಹಗುರ ಬಾಣ ಎಂದಿಟ್ಟುಕೊಂಡರೆ ವಿರೋಧ ಉಳಿಯುವುದಿಲ್ಲ.

ಇಂಗ್ಲೆಂಡಿನ ಉದ್ದಬಿಲ್ಲಿನ ನಿಜವಾದ ಬಲ ತಿಳಿದದ್ದು ಸಮುದ್ರದ ತಳದಿಂದ. 1545ರಲ್ಲಿ ಮುಳುಗಿದ ಮೇರಿ ರೋಸ್ ಎಂಬ ಇಂಗ್ಲಿಷ್ ಯುದ್ಧನೌಕೆಯನ್ನು 1982ರಲ್ಲಿ ಮೇಲೆತ್ತಲಾಯಿತು. ಅದರ ಅವಶೇಷಗಳಲ್ಲಿ ಯೂ ಮರದ 137 ಇಡೀ ಬಿಲ್ಲುಗಳೂ ಮೂರೂವರೆ ಸಾವಿರದಷ್ಟು ಬಾಣಗಳೂ ದೊರೆತವು. ಈ ಬಿಲ್ಲುಗಳ ಹೆದೆಯನ್ನು ಪೂರ್ತಿ ಎಳೆಯಲು 100ರಿಂದ 185 ಪೌಂಡ್, ಅಂದರೆ 45ರಿಂದ 84 ಕಿಲೋ ಭಾರ ಎತ್ತುವಷ್ಟು ಬಲ ಬೇಕು. ಎಳೆವಯಸ್ಸಿನಿಂದಲೇ ಪಳಗಿದವರಿಗೆ ಮಾತ್ರ ಅದು ಸಾಧ್ಯ. ದೊರೆ ಮೂರನೆಯ ಎಡ್ವರ್ಡ್ 1363ರಲ್ಲಿ ರಜಾ ದಿನಗಳಲ್ಲಿ ಬಿಲ್ವಿದ್ಯೆಯ ಅಭ್ಯಾಸವನ್ನು ಕಡ್ಡಾಯ ಮಾಡಿದ್ದು ಸುಮ್ಮನೆ ಅಲ್ಲ.

ಇಂಥ ಬಿಲ್ಲಿನಿಂದ ಹೊರಟ 80 ಗ್ರಾಂ ತೂಕದ ಬಾಣ ಸೆಕೆಂಡಿಗೆ 55 ಮೀಟರ್ ವೇಗದಲ್ಲಿದ್ದರೆ ಅದರ ಚಲನಶಕ್ತಿ ಸುಮಾರು 120 ಜೂಲ್. ಗಾಳಿಯ ತಡೆಯಿಂದ ಇದು ದಾರಿಯುದ್ದಕ್ಕೂ ಇಳಿಯುತ್ತ ಹೋಗುತ್ತದೆ.

ಅಡ್ಡಬಿಲ್ಲು, ಅಂದರೆ ಕ್ರಾಸ್‌ಬೋ, ಇದಕ್ಕಿಂತ ಎಷ್ಟೋ ಪಾಲು ಬಲಶಾಲಿ ಎಂಬ ನಂಬಿಕೆ ಇದೆ. ಉಕ್ಕಿನ ಅಡ್ಡಬಿಲ್ಲಿನ ಎಳೆತ ಸಾವಿರ ಪೌಂಡನ್ನೂ ಮೀರುತ್ತಿದ್ದುದು ನಿಜ. ರಾಟೆಯಂಥ ಸಾಧನವಿಲ್ಲದೆ ಅದರ ಹೆದೆಯನ್ನು ಏರಿಸುವುದೇ ಅಸಾಧ್ಯ. ಆದರೆ ಬಿಲ್ಲಿನಲ್ಲಿ ಕೂಡುವ ಶಕ್ತಿ ಎಳೆತದ ಬಲದ ಜೊತೆಗೆ ಎಳೆದ ದೂರವನ್ನೂ ಅವಲಂಬಿಸಿದೆ. ಉದ್ದಬಿಲ್ಲಿನ ಹೆದೆ ಬಾಣವನ್ನು ಅರ್ಧ ಮೀಟರಿಗೂ ಹೆಚ್ಚು ದೂರ ತಳ್ಳುತ್ತದೆ, ಅಡ್ಡಬಿಲ್ಲಿನದು ಗೇಣುದ್ದಕ್ಕಿಂತ ಕಡಿಮೆ. ಮೇಲಾಗಿ ಉಕ್ಕಿನ ತೋಳುಗಳೇ ಭಾರವಾದ್ದರಿಂದ ಶಕ್ತಿಯ ದೊಡ್ಡ ಪಾಲು ಅವುಗಳ ಚಲನೆಗೇ ಖರ್ಚಾಗುತ್ತದೆ. ಹೀಗಾಗಿ ಏಳೆಂಟು ಪಟ್ಟು ಎಳೆತವಿದ್ದರೂ ಅದರ ಗಿಡ್ಡ ಬಾಣ ಉದ್ದಬಿಲ್ಲಿನ ಬಾಣಕ್ಕಿಂತ ಏಳೆಂಟು ಪಟ್ಟು ಶಕ್ತಿಯನ್ನು ಪಡೆಯುತ್ತಿರಲಿಲ್ಲ. ಅಡ್ಡಬಿಲ್ಲಿನ ಮುಖ್ಯ ಅನುಕೂಲ ಬೇರೆ: ಕೆಲವೇ ವಾರ ಕಲಿತವನೂ ಅದನ್ನು ಬಳಸಬಲ್ಲ, ಎಳೆದ ಹೆದೆಯನ್ನು ಕೊಂಡಿಗೆ ಸಿಕ್ಕಿಸಿ ನಿಧಾನವಾಗಿ ಗುರಿ ಹಿಡಿಯಬಲ್ಲ.

ಬಳೆಗಳ ಕವಚದ ಮೇಲೆ ಉಕ್ಕಿನ ತಗಡು ಬಂದ ಮೇಲೆ ಆಟವೇ ಬದಲಾಯಿತು. ಲೋಹಶಾಸ್ತ್ರಜ್ಞ ಅಲನ್ ವಿಲಿಯಮ್ಸ್ 2003ರಲ್ಲಿ ಪ್ರಕಟಿಸಿದ ಬೃಹತ್ ಅಧ್ಯಯನದ ಪ್ರಕಾರ, ನೇರವಾಗಿ ತಗಲಿದ ಬಾಣವೊಂದು 1 ಮಿಲಿಮೀಟರ್ ಮೆದು ಉಕ್ಕನ್ನು ತೂತು ಮಾಡಲು 55 ಜೂಲ್ ಸಾಕು, 2 ಮಿಲಿಮೀಟರಿಗೆ 175 ಜೂಲ್ ಬೇಕು. ದಪ್ಪ ಇಮ್ಮಡಿಯಾದರೆ ಬೇಕಾದ ಶಕ್ತಿ ಮುಮ್ಮಡಿ! ಹದಮಾಡಿ ಗಡುಸುಗೊಳಿಸಿದ ಉಕ್ಕಾದರೆ ಅದರ ಮೇಲೆ ಇನ್ನರ್ಧ ಸೇರಿಸಬೇಕು, ಗಸಿ ತುಂಬಿದ ಅಗ್ಗದ ಕಬ್ಬಿಣವಾದರೆ ಅರ್ಧ ಕಳೆಯಬೇಕು. ಮಿಲಾನಿನ ಒಳ್ಳೆಯ ಕಾರ್ಖಾನೆಯ ಕವಚ ತೊಟ್ಟ ಶ್ರೀಮಂತನಿಗೂ ಅಗ್ಗದ ಕವಚದ ಸಾಮಾನ್ಯ ಸೈನಿಕನಿಗೂ ಬಾಣದೆದುರು ಸಮಾನತೆ ಇರಲಿಲ್ಲ. ಎದೆಗವಚದ ಉಬ್ಬಿದ ಆಕಾರವೂ ಅಲಂಕಾರಕ್ಕಲ್ಲ. ಓರೆಯಾಗಿ ತಗಲಿದ ಬಾಣ ಜಾರಿಹೋಗುತ್ತದೆ. 45 ಡಿಗ್ರಿ ಓರೆಯಾದರೆ ತೂರಲು ಒಂದೂವರೆ ಪಟ್ಟಿನಷ್ಟು ಶಕ್ತಿ ಬೇಕಾಗುತ್ತದೆ.

2019ರಲ್ಲಿ ಬ್ರಿಟನ್ನಿನಲ್ಲಿ ನಡೆದ ಪ್ರಯೋಗವೊಂದು ಇದನ್ನೇ ತೋರಿಸಿತು. ಹದಿನೈದನೆಯ ಶತಮಾನದ ಮಾದರಿಯ ಎದೆಗವಚಕ್ಕೆ 160 ಪೌಂಡ್ ಬಿಲ್ಲಿನಿಂದ ಹತ್ತಿರದಲ್ಲೇ ನಿಂತು ಹೊಡೆದರೂ ಬಾಣಗಳು ತಗಡನ್ನು ತೂರಲಿಲ್ಲ, ಕಡ್ಡಿ ಚೂರಾಗಿ ಸಿಡಿದವು. ಬಳೆಯ ಹೆಣಿಗೆ ಮಾತ್ರವಿದ್ದ ಕಡೆ ಮೊನೆ ಒಳಹೊಕ್ಕಿತು. ಕವಚ ಭೇದಿಸಲೆಂದೇ ಹುಟ್ಟಿದ್ದೆಂದು ಹೆಸರಾದ ಸೂಜಿಯಂಥ ಉದ್ದ ಬಾಣಮೊನೆಗಳೂ ಬಹುಪಾಲು ಮೆದು ಕಬ್ಬಿಣದವೇ ಎಂದು ಲೋಹ ಪರೀಕ್ಷೆಗಳು ಹೇಳುತ್ತವೆ. ಗಡುಸು ಉಕ್ಕಿಗೆ ತಾಗಿದರೆ ಇಂಥ ಮೊನೆ ತಾನೇ ಬಾಗುತ್ತದೆ.

ಹಾಗಿದ್ದರೆ 1415ರ ಅಜಿನ್‌ಕೋರ್ಟ್ ಕದನದಲ್ಲಿ ಫ್ರೆಂಚರ ವಿರುದ್ಧ ಇಂಗ್ಲಿಷ್ ಬಿಲ್ಲುಗಾರರು ಗೆದ್ದದ್ದು ಹೇಗೆ? ಅವರ ಬಾಣಗಳಿಗೆ ಮೊದಲು ಬಿದ್ದದ್ದು ರಕ್ಷಣೆ ಕಡಿಮೆಯಿದ್ದ ಕುದುರೆಗಳು. ಗಾಯಗೊಂಡ ಕುದುರೆಗಳು ಹಿಂದಿರುಗಿ ತಮ್ಮವರನ್ನೇ ತುಳಿದವು. ನಡೆದು ಬಂದ ಫ್ರೆಂಚ್ ಯೋಧರು ಶಿರಸ್ತ್ರಾಣದ ಕಿಂಡಿಗೆ ಬಾಣ ತಗಲೀತೆಂದು ತಲೆ ತಗ್ಗಿಸಿ, ಮಳೆಯಲ್ಲಿ ನೆನೆದ ಉತ್ತ ಹೊಲದ ಕೆಸರಿನಲ್ಲಿ ಒತ್ತೊತ್ತಾಗಿ ಕಾಲೆಳೆಯಬೇಕಾಯಿತು. ದಣಿದು ಬಂದವರ ಮೇಲೆ ಬಿಲ್ಲುಗಾರರು ಬಿಲ್ಲು ಬಿಸುಟು ಕೊಡಲಿ, ಕೊಡತಿ ಹಿಡಿದು ಎರಗಿದರು. ಬಾಣ ಇಲ್ಲಿ ಕವಚ ಒಡೆದದ್ದಕ್ಕಿಂತ ಸಾಲು ಒಡೆದದ್ದು ಹೆಚ್ಚು.

ಮುಖ, ಕಂಕುಳು, ಕೀಲುಗಳ ಸಂದುಗಳನ್ನು ಯಾವ ಕಮ್ಮಾರನೂ ಪೂರ್ತಿ ಮುಚ್ಚಲಾರ. ಮುಂದೆ ಐದನೆಯ ಹೆನ್ರಿಯಾಗಿ ಅಜಿನ್‌ಕೋರ್ಟಿನಲ್ಲಿ ಗೆದ್ದ ರಾಜಕುಮಾರನಿಗೆ 1403ರ ಶ್ರೂಸ್‌ಬರಿ ಕದನದಲ್ಲಿ ಬಾಣ ನಾಟಿದ್ದು ಮುಖಕ್ಕೆ. ವೈದ್ಯ ಜಾನ್ ಬ್ರಾಡ್‌ಮೋರ್ ವಿಶೇಷ ಸಾಧನವೊಂದನ್ನು ಮಾಡಿಸಿ ಮೊನೆಯನ್ನು ಹೊರತೆಗೆದ. ಕೆಸರೂ ಸಂದೂ ಒದಗದ ಕಡೆ ಬಿಲ್ಲು ಸೋತದ್ದೂ ಉಂಟು. 1424ರ ವೆರ್ನೂಯ್ ಕದನದಲ್ಲಿ ಒಳ್ಳೆಯ ಉಕ್ಕು ತೊಟ್ಟ ಇಟಲಿಯ ಸವಾರರು ಇಂಗ್ಲಿಷ್ ಸಾಲನ್ನು ಸೀಳಿಕೊಂಡೇ ಹೋದರು. 1513ರ ಫ್ಲಾಡೆನ್ನಿನಲ್ಲಿ ಸ್ಕಾಟ್ ಪಡೆಯ ಮುಂಚೂಣಿಗೆ ಬಾಣಗಳಿಂದ ಹೆಚ್ಚು ಹಾನಿಯಾಗಲಿಲ್ಲವೆಂದು ಇಂಗ್ಲಿಷರೇ ಬರೆದಿಟ್ಟರು.

ಉಕ್ಕಿನ ತಗಡನ್ನು ಸಲೀಸಾಗಿ ತೂರಿದ್ದು ಕೋವಿ. ಅದರ ಗುಂಡಿಗೆ ಬಾಣದ ಹತ್ತು ಪಟ್ಟಿಗೂ ಮೀರಿದ ಶಕ್ತಿಯಿತ್ತು, ಬಳಸುವವನಿಗೆ ತೋಳ್ಬಲ ಬೇಕಿರಲಿಲ್ಲ. 1595ರಲ್ಲಿ ಇಂಗ್ಲೆಂಡಿನ ರಾಜಸಲಹಾ ಮಂಡಳಿಯಾದ ಪ್ರಿವಿ ಕೌನ್ಸಿಲ್ ನಾಡಪಡೆಗಳಲ್ಲಿ ಬಿಲ್ಲುಗಾರರ ಬದಲು ಕೋವಿಯವರನ್ನೇ ಸೇರಿಸಿಕೊಳ್ಳಬೇಕೆಂದು ಆಜ್ಞೆ ಹೊರಡಿಸಿತು.